ಲಿಫ್ಟಮ್ಮನ ಹತ್ತು ನಿಮಿಷ

ದಿನಕ್ಕೆ ನೂರು ಸಲ ಎಂಟು ಮಹಡಿ ಏರಿ ಇಳಿಯುವ ಹೆಂಗಸಿಗೆ ನಡಿಗೆಯಿಲ್ಲದೆ ಕಾಲು ಕೆಟ್ಟಿತು ಅಂದರೆ ಯಾರು ನಂಬುತ್ತಾರೆ? ನಂಬದವರು ಆ ವಿಮಾ ಕಚೇರಿಗೆ ಹೋಗಿ ನೋಡಬೇಕು. ಅಲ್ಲಿಯ ಲಿಫ್ಟು ಹಳೇ ಕಾಲದ್ದು. ಗುಂಡಿ ಒತ್ತಿದರೆ ತಾನಾಗಿ ಓಡುವ ಜಾತಿಯದಲ್ಲ. ಕಬ್ಬಿಣದ ಜಾಲರಿ ಬಾಗಿಲನ್ನು ಕೈಯಲ್ಲಿ ಎಳೆದು ಮುಚ್ಚಿ, ಬೀಗದ ಕೈ ತಿರುಗಿಸಿ, ಹಿಡಿಕೆಯನ್ನು ಒತ್ತಿ ಹಿಡಿದರೆ ಮಾತ್ರ ಮೇಲೇಳುತ್ತದೆ. ಹಾಗಾಗಿ ಒಳಗೆ ಒಬ್ಬರು ಇರಲೇಬೇಕು. ಜನ ತುಂಬಿದಾಗ ಅಡ್ಡವಾಗದಿರಲಿ ಎಂದು ಮೂಲೆಯಲ್ಲಿ ಒಂದು ಸ್ಟೂಲು ಹಾಕಿದ್ದರು. ಅದರ ಮೇಲೆ ಅವಳು ಹತ್ತೊಂಬತ್ತು ವರ್ಷ ಕೂತಳು. ಕಚೇರಿಗೆಲ್ಲ ಅವಳು ಲಿಫ್ಟಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಆ ಸ್ಟೂಲು ಮೊದಲು ಅವಳ ಗಂಡನದು. ಆಗ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿದ್ದಳು. ಒದ್ದೆ ಹಾಸಿಗೆ ಬಟ್ಟೆಯ ಗಂಟನ್ನು ತಲೆ ಮೇಲೆ ಹೊತ್ತು ಮೂರು ಮಹಡಿ ಮೇಲಿನ ತಾರಸಿಗೆ ಹತ್ತಿ, ಒಣಹಾಕಿ, ಮತ್ತೆ ಇಳಿಯುವ ಕೆಲಸ. ಬೈದುಕೊಂಡೇ ಮಾಡುತ್ತಿದ್ದಳು, ಆದರೆ ರಾತ್ರಿ ಮಲಗಿದರೆ ಸತ್ತ ಹೆಣದ ಹಾಗೆ ನಿದ್ದೆ. ಗಂಡನಿಗೆ ಮೂವತ್ತೊಂಬತ್ತು ತುಂಬಿದ ವರ್ಷ, ಐದು ಮತ್ತು ಆರನೇ ಮಹಡಿಯ ನಡುವೆ, ಅವನು ಆ ಸ್ಟೂಲಿನ ಮೇಲೆಯೇ ಎದೆ ಹಿಡಿದುಕೊಂಡು ಒರಗಿಬಿಟ್ಟ. ಕಚೇರಿಯವರು ಹಾರ ತಂದರು, ಆ ಮೇಲೆ ಅನುಕಂಪದ ಲೆಕ್ಕದಲ್ಲಿ ಅದೇ ಕೆಲಸವನ್ನು ಅವಳಿಗೆ ಕೊಟ್ಟರು. ನೆಂಟರಿಷ್ಟರೆಲ್ಲ ಅವಳ ಪುಣ್ಯ ಅಂದರು. ನೆರಳು, ತಲೆ ಮೇಲೆ ಫ್ಯಾನು, ಕೂತಲ್ಲೇ ಕೆಲಸ, ಇನ್ನೇನು ಬೇಕು ಎಂದು ಕೇಳಿದರು. ಅವಳೂ ಹೌದಲ್ಲ ಅಂದುಕೊಂಡಳು.

ಅತ್ತೆಯೊಬ್ಬಳು ಮಾತ್ರ ಹಾಗೆ ಅನ್ನಲಿಲ್ಲ. ಎಪ್ಪತ್ತಾರರ ಮುದುಕಿ, ಈಗಲೂ ಚೀಲ ಹಿಡಿದು ಮಾರುಕಟ್ಟೆಗೆ ನಡೆದೇ ಹೋಗುವವಳು, ನಾಲಿಗೆಯೂ ಕಾಲಿನಷ್ಟೇ ಚುರುಕು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ, ನಿನಗೆ ಕೂತಿದ್ದಕ್ಕೇ ಹೊನ್ನು ಕೊಡುತ್ತಾರಲ್ಲೇ, ಅದರಲ್ಲೇನೋ ಮೋಸವಿದೆ ನೋಡಿಕೋ ಎಂದು ಸೊಸೆಯನ್ನು ಛೇಡಿಸುತ್ತಿದ್ದಳು. ಮಗನನ್ನು ಆ ಪೆಟ್ಟಿಗೆಗೆ ಕೊಟ್ಟವಳು ಅವಳು. ಅವಳ ಛೇಡನೆಯೊಳಗೆ ಸಂಕಟವಿತ್ತು.

ಮೋಸ ಬಯಲಾಗಲು ಹತ್ತೊಂಬತ್ತು ವರ್ಷ ಹಿಡಿಯಿತು. ಒಂದು ಸಂಜೆ ಎಡಗಾಲಿನ ಮೀನಖಂಡ ಕಲ್ಲಾಯಿತು, ಪಾದ ಊದಿ ಚಪ್ಪಲಿಗೆ ಹಿಡಿಸಲಿಲ್ಲ. ಡಾಕ್ಟರು ಒತ್ತಿ ನೋಡಿದರು, ಪರೀಕ್ಷೆಗೆ ಬರೆದರು, ವರದಿ ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ನೇರವಾಗಿ ಹೇಳಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಆ ಹೆಪ್ಪು ಜಾರಿ ಎದೆಗೆ ಬಂದರೆ ಕಥೆ ಮುಗಿಯುತ್ತದೆ. ಈ ಸಲ ಔಷಧಿಯಿಂದ ಕರಗಿಸುತ್ತೇನೆ, ಆದರೆ ಹೀಗೇ ದಿನವಿಡೀ ಅಲ್ಲಾಡದೆ ಕೂತರೆ ಮತ್ತೆ ಕಟ್ಟುತ್ತದೆ. ತಿಂಗಳ ನಂತರ ಊತ ಅರ್ಧ ಇಳಿದಾಗ ಅವರು ಬರೆದುಕೊಟ್ಟ ಚೀಟಿ ಹೀಗಿತ್ತು: ಎರಡು ಗಂಟೆಗೊಮ್ಮೆ ಹತ್ತು ನಿಮಿಷ ನಡೆಯಬೇಕು, ಮೆಟ್ಟಿಲು ಹತ್ತಿ ಇಳಿದರೆ ಇನ್ನೂ ಒಳ್ಳೆಯದು.

ಅವಳು ಲೆಕ್ಕ ಹಾಕಿದಳು. ಬಸ್ಸಿನಿಂದ ಕಚೇರಿಯ ಬಾಗಿಲಿಗೆ ನಲವತ್ತು ಹೆಜ್ಜೆ. ಬಾಗಿಲಿಂದ ಲಿಫ್ಟಿಗೆ ಹನ್ನೆರಡು. ಲಿಫ್ಟಿನಿಂದ ಬಚ್ಚಲಿಗೆ ಹದಿನಾಲ್ಕು. ಒಂದು ದಿನದಲ್ಲಿ ಅವಳ ಕಾಲಿಗೆ ಸಿಗುತ್ತಿದ್ದುದು ಅಷ್ಟೇ. ಪಂಜರದ ಗಿಳಿಯೂ ಅದಕ್ಕಿಂತ ಹೆಚ್ಚು ಓಡಾಡುತ್ತದೆ ಎಂದುಕೊಂಡಾಗ ಅವಳ ಮೈ ಉರಿದುಹೋಯಿತು.

ಮರುದಿನವೇ ಅರ್ಜಿ ಬರೆದಳು. ದಿನಕ್ಕೆ ಮೂರು ಸಲ, ಸಲಕ್ಕೆ ಹತ್ತು ನಿಮಿಷ, ಅಷ್ಟೇ. ಆ ಹೊತ್ತಿನಲ್ಲಿ ಕೈಕಾಲು ಗಟ್ಟಿ ಇರುವವರು ಮೆಟ್ಟಿಲು ಹತ್ತಿದರೆ ಆಯಿತು. ಅರ್ಜಿ ಅವಳ ಲಿಫ್ಟಿನಲ್ಲೇ ಊರು ಸುತ್ತಿತು. ಜವಾನ ಒಂದು ದಿನ ಅದನ್ನು ಮೂರನೇ ಮಹಡಿಗೆ ಒಯ್ದ, ಇನ್ನೊಂದು ದಿನ ಏಳಕ್ಕೆ, ಮತ್ತೆ ಐದಕ್ಕೆ. ಎಲ್ಲಿಗೆ ಹೋಯಿತು ಎಂದು ಕೇಳಿದಾಗಲೆಲ್ಲ ಪರಿಶೀಲನೆಯಲ್ಲಿದೆ ಅನ್ನುತ್ತಿದ್ದ. ಅರ್ಜಿಗಿದ್ದ ಓಡಾಟ ಅರ್ಜಿ ಬರೆದವಳಿಗಿರಲಿಲ್ಲ.

ಇನ್ನು ಆ ಮೆಟ್ಟಿಲಿನ ವಿಷಯ. ಲಿಫ್ಟಿನ ಪಕ್ಕದಲ್ಲೇ ಇತ್ತು, ಬಾಗಿಲು ಹಾಕಿಕೊಂಡು. ಯಾರೂ ಬಳಸುವುದಿಲ್ಲವಲ್ಲ ಎಂದು ಹಳೇ ಕಡತ, ಮುರಿದ ಕುರ್ಚಿ, ತುಕ್ಕು ಹಿಡಿದ ಬೀರು ಎಲ್ಲವನ್ನೂ ಅದರ ಹೊಟ್ಟೆಗೆ ತುರುಕಿದ್ದರು. ಒಂದನೇ ಮಹಡಿಗೆ ಹೋಗುವ ಹುಡುಗರು ಕೂಡ, ಇಪ್ಪತ್ತೈದರ ಗಟ್ಟಿ ಆಳುಗಳು, ಐದು ನಿಮಿಷ ಲಿಫ್ಟಿಗೆ ಕಾದು ನಿಲ್ಲುತ್ತಿದ್ದರು. ತಡವಾದರೆ ಲಿಫ್ಟಮ್ಮನ ಮೇಲೆ ಸಿಡುಕು ಬೇರೆ. ಒಬ್ಬ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡಿದ್ದ. ಲಿಫ್ಟಿನಲ್ಲಿ ನಿಂತಲ್ಲೇ ಕೈ ಬೀಸಿ ಬೀಸಿ ಗಡಿಯಾರಕ್ಕೆ ಟೋಪಿ ಹಾಕುತ್ತಿದ್ದ. ಅವಳಿಗೆ ಆ ಕೈ ಹಿಡಿದು ತಿರುಚಬೇಕು ಅನ್ನಿಸುತ್ತಿತ್ತು.

ಮೂರು ತಿಂಗಳಾದ ಮೇಲೆ ಕಚೇರಿಗೆ ದಿಢೀರನೆ ಆರೋಗ್ಯದ ಹುಚ್ಚು ಹಿಡಿಯಿತು. ಮ್ಯಾನೇಜರು ಹೊಸಬರು, ನಲವತ್ತೊಂದರ ವಯಸ್ಸು, ಸದಾ ನಗುಮುಖ, ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಕುರ್ಚಿಗೆ ಹೋಗುವವರು. ನೌಕರರೆಲ್ಲ ಕೂತು ಕೂತು ಹಾಳಾಗುತ್ತಿದ್ದಾರೆ ಎಂದು ಅವರಿಗೆ ಮೇಲಿನಿಂದ ಸುತ್ತೋಲೆ ಬಂದಿತ್ತಂತೆ. ಎಂಟನೇ ಮಹಡಿಯಲ್ಲಿ ವ್ಯಾಯಾಮದ ಕೋಣೆ ಮಾಡಿಸಿದರು. ಲಿಫ್ಟಿನೊಳಗೆ, ಸರಿಯಾಗಿ ಅವಳ ತಲೆಯ ಮೇಲೆ, ಒಂದು ಭಿತ್ತಿಪತ್ರ ಅಂಟಿಸಿದರು. ದೊಡ್ಡ ಅಕ್ಷರದಲ್ಲಿ ಕೂತಿರುವುದೇ ವಿಷ, ಏಳಿ, ನಡೆಯಿರಿ ಎಂದು ಬರೆದಿತ್ತು. ಅದರ ಕೆಳಗೆ ಅವಳು ಕೂತೇ ಇದ್ದಳು. ನೋಡಿದವರಲ್ಲಿ ಒಬ್ಬರಿಗಾದರೂ ನಾಚಿಕೆಯಾಗಬೇಡವೇ?

ಒಂದು ಬೆಳಿಗ್ಗೆ ಇಬ್ಬರು ಕೂಲಿಯಾಳುಗಳು ಒಂದು ಯಂತ್ರವನ್ನು ಬಿಡಿಬಿಡಿಯಾಗಿ ಲಿಫ್ಟಿಗೆ ತಂದಿಟ್ಟರು. ಏನಪ್ಪಾ ಇದು ಎಂದು ಅವಳು ಕೇಳಿದಳು.

"ಮೆಟ್ಲು ಹತ್ತೋ ಮಿಷನ್ನು, ಅಕ್ಕಾ. ನಿಂತಲ್ಲೇ ಹತ್ತಬೋದು. ಎಲ್ಲಿಗೂ ಹೋಗಲ್ಲ."

ಅವಳು ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದ ಬೀಗ ಹಾಕಿದ ಮೆಟ್ಟಿಲ ಬಾಗಿಲನ್ನೊಮ್ಮೆ ನೋಡಿದಳು. ನಗುವೂ ಬಂತು, ಸಿಟ್ಟೂ ಬಂತು. ಮೆಟ್ಟಿಲು ಹತ್ತುವ ಯಂತ್ರವನ್ನು ಲಿಫ್ಟಿನಲ್ಲಿ ಏರಿಸಿದಳು. ಆ ಮೇಲೆ ವಾರವಿಡೀ, ಆ ಯಂತ್ರದ ಮೇಲೆ ಮೆಟ್ಟಿಲು ಹತ್ತುವವರನ್ನೂ ಲಿಫ್ಟಿನಲ್ಲೇ ಏರಿಸಿದಳು. ತನಗೂ ಒಳಗೆ ಹೋಗುವ ಕಾರ್ಡು ಸಿಗುತ್ತದೆಯೇ ಎಂದು ಕೇಳಿದ್ದಕ್ಕೆ, ಲಿಫ್ಟು ಬಿಟ್ಟು ಬರುವ ಹಾಗಿಲ್ಲವಲ್ಲ, ನಿಮಗೇಕೆ ಕಾರ್ಡು ಅಂದರು. ಎರಡನೇ ವಾರಕ್ಕೆ ಆ ಕೋಣೆಗೆ ಹೋಗುವವರು ಮೂರೇ ಜನ ಉಳಿದರು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ.

ಆಗ ಅವಳು ಅರ್ಜಿಯ ದಾರಿ ಕಾಯುವುದನ್ನು ಬಿಟ್ಟಳು. ಮೆಟ್ಟಿಲ ಬಾಗಿಲಿನ ಬೀಗದ ಕೈ ಕಸ ಗುಡಿಸುವ ಅಕ್ಕನ ಬಳಿ ಇತ್ತು. ಇಬ್ಬರೂ ಸೇರಿ, ದಿನಾ ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಉಂಡು, ಉಳಿದ ಇಪ್ಪತ್ತು ನಿಮಿಷ ಆ ರಾಶಿಯನ್ನು ಗೋಡೆಗೆ ಒತ್ತರಿಸತೊಡಗಿದರು. ಧೂಳು ಕುಡಿದರು, ಕೈ ತರಚಿಕೊಂಡರು, ಸತ್ತ ಇಲಿಗಳನ್ನು ಎತ್ತಿ ಹಾಕಿದರು. ತಿಂಗಳೊಳಗೆ ನೆಲದಿಂದ ಎಂಟನೇ ಮಹಡಿಯವರೆಗೆ ಒಬ್ಬರು ಹೋಗುವಷ್ಟು ದಾರಿಯಾಯಿತು. ಕಟ್ಟಿಕೊಂಡಿದ್ದ ಮೀನಖಂಡ ಸಡಿಲಾಯಿತು. ಪಾದ ಚಪ್ಪಲಿಗೆ ಹಿಡಿಸಿತು. ಬಾಡಿಗೆಗೆ ಕೊಟ್ಟಿದ್ದ ಕಾಲು ವಾಪಸ್ಸು ಬಂದಂತಿದೆ ಎಂದು ಅತ್ತೆಗೆ ಹೇಳಿದಳು. ಮುದುಕಿ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದಳು.

ಒಳ್ಳೆಯದು ಯಾರ ಕಣ್ಣಿಗೆ ಬೀಳಬಾರದೋ ಅವರ ಕಣ್ಣಿಗೇ ಬೀಳುತ್ತದೆ. ಕಡತಗಳು ಜಾಗ ಬದಲಿಸಿವೆ ಎಂದು ಯಾರೋ ಚಾಡಿ ಹೇಳಿದರು. ಮ್ಯಾನೇಜರು ನಗುತ್ತಲೇ ಅವಳನ್ನು ಕರೆದು, ಕಡತಗಳ ಸುರಕ್ಷತೆಯ ಪ್ರಶ್ನೆ, ಸೋಮವಾರದಿಂದ ಮೆಟ್ಟಿಲಿಗೆ ಹೊಸ ಬೀಗ ಹಾಕಿಸುತ್ತೇನೆ, ಆದರೆ ನಿಮ್ಮ ಅರ್ಜಿಯನ್ನು ನಾವು ಮರೆತಿಲ್ಲ, ಶನಿವಾರ ನಿಮಗೆ ಸಂತೋಷವಾಗುತ್ತದೆ ಅಂದರು.

ಶನಿವಾರ ಮಧ್ಯಾಹ್ನ ಕಚೇರಿಯೆಲ್ಲ ಕೆಳಗಿನ ಹಜಾರದಲ್ಲಿ, ಲಿಫ್ಟಿನ ಮುಂದೆ ಸೇರಿತು. ನಡುವೆ ಒಂದು ಕುರ್ಚಿ. ಮೆತ್ತೆಯದು, ಬೆನ್ನಿಗೂ ಕೈಗೂ ಆಸರೆಯಿದ್ದದ್ದು, ಕೆಂಪು ರಿಬ್ಬನ್ನು ಕಟ್ಟಿದ್ದು. ಕಾಲಿನ ತೊಂದರೆಯಿಂದ ಬಳಲುತ್ತಿರುವ ಸಹೋದ್ಯೋಗಿಯ ಕೋರಿಕೆಗೆ ಸಂಸ್ಥೆ ಸ್ಪಂದಿಸಿದೆ ಎಂದು ಮ್ಯಾನೇಜರು ಮಾತಾಡಿದರು. ಚಪ್ಪಾಳೆ ಬಿತ್ತು. ಫೋಟೋಕ್ಕೆ ಕೂತುಕೊಳ್ಳಿ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ, ಆ ಜಾತಿಯ ಜನ. ಅರ್ಜಿಯನ್ನು ಎಂಟು ಮಹಡಿಯಲ್ಲಿ ಒಬ್ಬನೂ ಪೂರ್ತಿ ಓದಿರಲಿಲ್ಲ.

ಅವಳು ಕೂರಲಿಲ್ಲ.

"ಸಾರ್, ನಾನು ನಡೀಬೇಕು ಅಂತ ಕೇಳಿದೆ. ನೀವು ಕೂರೋಕೆ ಕೊಡ್ತಾ ಇದೀರಿ. ಹಸಿವು ಅಂದೋಳಿಗೆ ಒಳ್ಳೇ ತಟ್ಟೆ ಕೊಟ್ಟ ಹಾಗಾಯ್ತು."

ಫೋಟೋ ತೆಗೆಯುವವನು ಕ್ಯಾಮೆರಾ ಇಳಿಸಿದ. ಮ್ಯಾನೇಜರು ಇನ್ನೂ ನಗುತ್ತಲೇ, ಆ ಮೇಲೆ ಮಾತಾಡೋಣ ಅಂದರು. ಅವಳಿಗೆ ಹತ್ತೊಂಬತ್ತು ವರ್ಷದ ಸಿಟ್ಟು ಒಟ್ಟಿಗೆ ಬಾಯಿಗೆ ಬಂತು.

"ಇಲ್ಲ, ಈಗಲೇ. ಊಟ ನಿದ್ದೆ ಹೇಗೋ ಮೈಗೆ ಓಡಾಟಾನೂ ಹಾಗೇ. ಯಾರೂ ದಾನ ಕೊಡೋದಲ್ಲ ಅದು. ನನ್ನ ಗಂಡ ಕೂತಲ್ಲೇ ಹೋದ್ರು, ಆಗ ಹಾರ ತಂದ್ರಿ. ನನಗೆ ಈಗ ಕುರ್ಚಿ ತಂದಿದೀರಿ. ನಾನು ಕೇಳಿದ್ದು ಹತ್ತು ನಿಮಿಷ, ಸಾರ್. ಅದನ್ನ ನಾನೇ ತಗೋತೀನಿ."

ಕಸ ಗುಡಿಸುವ ಅಕ್ಕ ಹೋಗಿ ಮೆಟ್ಟಿಲ ಬಾಗಿಲಿನ ಬೀಗ ತೆಗೆದಳು. ಲಿಫ್ಟಮ್ಮ ಗುಂಪಿನಲ್ಲಿ ಕಣ್ಣಾಡಿಸಿ, ಏಳು ತಿಂಗಳ ಬಸುರಿ ಟೈಪಿಸ್ಟನ್ನೂ ಊರುಗೋಲಿನ ಕ್ಯಾಷಿಯರನ್ನೂ ಕರೆದು ಲಿಫ್ಟಿಗೆ ಹತ್ತಿಸಿಕೊಂಡಳು. ಉಳಿದವರು ನುಗ್ಗಿ ಬರುವಷ್ಟರಲ್ಲಿ ಜಾಲರಿ ಎಳೆದುಬಿಟ್ಟಳು. ನಿಮಗೆಲ್ಲ ದೇವರು ಕಾಲು ಕೊಟ್ಟಿದ್ದಾನೆ, ದಾರಿ ನಾನು ಮಾಡಿಟ್ಟಿದ್ದೇನೆ ಅಂದಳು. ಅವರಿಬ್ಬರನ್ನು ಅವರವರ ಮಹಡಿಯಲ್ಲಿ ಇಳಿಸಿ, ಲಿಫ್ಟನ್ನು ಎಂಟನೆಯದಕ್ಕೆ ಒಯ್ದು ನಿಲ್ಲಿಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿಯತೊಡಗಿದಳು.

ಎದುರಿಗೆ ಕಚೇರಿ ಹತ್ತಿ ಬರುತ್ತಿತ್ತು. ಒಬ್ಬ ಬೈದುಕೊಂಡು ಹೋದ. ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಎಳೆದುಕೊಂಡು ನಗುತ್ತಾ ಹೋದರು. ಕೈ ಬೀಸುವ ಗಡಿಯಾರದವನು ನಾಲ್ಕನೇ ಮಹಡಿಯಲ್ಲಿ ಗೋಡೆಗೆ ಆತುಕೊಂಡಿದ್ದ. ಅವಳನ್ನು ಕಂಡು ತಲೆ ತಗ್ಗಿಸಿದ. ಎರಡು ಮತ್ತು ಮೂರನೇ ಮಹಡಿಯ ನಡುವೆ, ಒಂದು ಕಡತದ ಗಂಟಿನ ಮೇಲೆ, ಮ್ಯಾನೇಜರು ಕೂತಿದ್ದರು. ಟೈ ಸಡಿಲಿಸಿ, ಬಾಯಿ ತೆರೆದು, ಮುಖ ಬಿಳಿಚಿಕೊಂಡು. ನಗು ಎಲ್ಲಿಯೂ ಇರಲಿಲ್ಲ.

ಅವಳು ದಡದಡನೆ ಇಳಿದು ಅವರ ಹತ್ತಿರ ಬಂದಳು. ಎದೆ ನೋವೇ ಎಂದು ಕೇಳಿದಳು. ಅವರು ಇಲ್ಲವೆಂದು ತಲೆಯಾಡಿಸಿ, ಬರೀ ಉಸಿರು ಎಂದು ಕೈಸನ್ನೆ ಮಾಡಿದರು. ಅವಳು ಪಕ್ಕದಲ್ಲೇ ನಿಂತು ಕಾದಳು. ಉಸಿರು ತಹಬಂದಿಗೆ ಬಂತು, ಕೆನ್ನೆಗೆ ಬಣ್ಣ ತಿರುಗಿತು. ನಲವತ್ತೊಂದು ವಯಸ್ಸಿನ ಗಂಡಸು ಎರಡೂವರೆ ಮಹಡಿಗೆ ಹೀಗಾದನಲ್ಲ ಎಂದು ಅವಳಿಗೆ ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ ಇನ್ನೂ ಹೆಚ್ಚು ಸಿಟ್ಟು ಬಂತು. ಇವನನ್ನೂ ಯಾರೋ ಹೀಗೇ ಕುರ್ಚಿ ಕೊಟ್ಟು ಕೊಟ್ಟು ಕೊಲ್ಲುತ್ತಿದ್ದರು, ಇವನಿಗೆ ಅದು ಬಡ್ತಿಯಾಗಿ ಕಾಣುತ್ತಿತ್ತು.

ಮಾತು ಬಂದ ಕೂಡಲೇ ಅವರು ಕೇಳಿದ್ದು ಒಂದೇ. "ಲಿಫ್ಟು ತನ್ನಿ, ಲಿಫ್ಟಮ್ಮಾ. ಆಗ್ತಾ ಇಲ್ಲ ನಂಗೆ."

"ತರ್ತೀನಿ ಸಾರ್," ಅಂದಳು ಅವಳು. "ನನ್ನ ಹತ್ತು ನಿಮಿಷ ಮುಗೀಲಿ."

ಅಷ್ಟು ಹೇಳಿ ಕೆಳಗಿಳಿದಳು. ಸೋಮವಾರ ನೋಟಿಸು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬರಲಿ, ಅನ್ನ ಹುಡುಕಿಕೊಂಡು ಹೋಗಲು ಕಾಲಾದರೂ ಇರುತ್ತದೆ. ಹಜಾರದಲ್ಲಿ ಕಸ ಗುಡಿಸುವ ಅಕ್ಕ ಒಬ್ಬಳೇ ಇದ್ದಳು, ಹೊಸ ಕುರ್ಚಿಯಲ್ಲಿ ಕೂತು ಬೆನ್ನು ಒರಗಿಸಿದ್ದಳು. ಬೆಳಗಿನಿಂದ ನಿಂತವಳು, ಅವಳು ಕೂರಲಿ. ಲಿಫ್ಟಮ್ಮ ತಿರುಗಿ ಮತ್ತೆ ಹತ್ತತೊಡಗಿದಳು. ಎಡಗಾಲು ನೋಯುತ್ತಿತ್ತು, ಮೈ ಬೆವರುತ್ತಿತ್ತು. ಎರಡನೇ ಮಹಡಿ ದಾಟಿ ತಿರುವಿಗೆ ಬಂದಾಗ ಕಡತದ ಗಂಟು ಖಾಲಿಯಿತ್ತು. ಮ್ಯಾನೇಜರು ಅದಕ್ಕಿಂತ ಆರು ಮೆಟ್ಟಿಲು ಮೇಲೆ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಮೆಟ್ಟಿಲಿಗೆ ಕಾಲೆತ್ತುತ್ತಿದ್ದರು. ಅವಳ ಹೆಜ್ಜೆ ಕೇಳಿ ಗೋಡೆಗೆ ಸರಿದು ದಾರಿ ಬಿಟ್ಟರು. ಅವಳು ಅವರನ್ನು ದಾಟಿ ಮೇಲಕ್ಕೆ ಹೋದಳು.