ಎಣ್ಣೆ ಕುಡಿದ ರೆಕ್ಸಿನ್ ಬ್ಯಾಗು

ಕಳೆದ ವಾರ ಮಗಳ ಹೆಸರಿಗೆ ಒಂದು ಪಾರ್ಸೆಲ್ ಬಂತು. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ಬಟ್ಟೆಯ ಚೀಲ, ಚೀಲದೊಳಗೆ ತೆಳ್ಳನೆ ಕಾಗದ, ಕಾಗದದೊಳಗೆ ಒಂದು ಹ್ಯಾಂಡ್‌ಬ್ಯಾಗು. ನಮ್ಮ ಮನೆಯಲ್ಲಿ ಇಷ್ಟೊಂದು ಹೊದಿಕೆ ಬಾಣಂತಿಗೂ ಸಿಕ್ಕಿದ್ದಿಲ್ಲ. ಬಿಚ್ಚಿದ ಕೂಡಲೇ ತುಮಕೂರಿನ ಸದಾಶಿವನಗರದ ನಮ್ಮ ಪುಟ್ಟ ಹಾಲಿನ ತುಂಬ ಒಂದು ವಾಸನೆ ಹರಡಿತು. ನಾನು ಚಿಕ್ಕವಳಿದ್ದಾಗ ಬಿಸಿಲಲ್ಲಿ ನಿಂತ ಬಸ್ಸಿನ ಸೀಟುಗಳಿಗೆ ಇರುತ್ತಿದ್ದ ವಾಸನೆ ಅದು.

"ಇದು ರೆಕ್ಸಿನ್ ಅಲ್ವೇನೇ?" ಅಂದೆ.

"ಅಮ್ಮಾ, ಪ್ಲೀಸ್. ವೀಗನ್ ಲೆದರ್ ಇದು."

"ಅಂದ್ರೆ?"

"ಯಾವ ಪ್ರಾಣಿದೂ ಅಲ್ಲ ಅಂತ."

"ಅದನ್ನೇ ನಾನೂ ಹೇಳಿದ್ದು. ರೆಕ್ಸಿನ್."

"ನಿಂಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ," ಎಂದು ಮಗಳು ಬ್ಯಾಗು ಎತ್ತಿಕೊಂಡು ರೂಮಿಗೆ ಹೋದಳು.

ಓದಿಕೊಂಡವರಿಗೆ ಒಂದು ಚಟವಿರುತ್ತದೆ, ಸೋತ ಮೇಲೆ ಪುಸ್ತಕ ತೆಗೆಯುವುದು. ಈಗ ಪುಸ್ತಕದ ಬದಲು ಫೋನು. ಅವತ್ತು ಮಧ್ಯಾಹ್ನವೆಲ್ಲ ದುಬಾರಿ ಬ್ಯಾಗುಗಳನ್ನು ಯಾವ ಯಾವುದರಿಂದ ಮಾಡುತ್ತಾರೆ ಅಂತ ಓದುತ್ತ ಕೂತೆ. ಫುಲ್ ಗ್ರೇನ್ ಅನ್ನುವುದು ಮೇಲಿನ ಪದರವನ್ನು ಉಜ್ಜದೆ ಹಾಗೇ ಬಿಟ್ಟ ಚರ್ಮವಂತೆ. ಹಸು ಬೇಲಿಗೆ ಮೈ ಗೀರಿಕೊಂಡ ಗುರುತು, ಉಣ್ಣೆಹುಳು ಕಚ್ಚಿದ ಗುರುತು ಎಲ್ಲ ಅದರಲ್ಲಿ ಉಳಿದಿರುತ್ತವೆ. ಸಫಿಯಾನೊ ಅನ್ನುವುದಕ್ಕೆ ಅಡ್ಡಗೆರೆಯ ಅಚ್ಚು ಒತ್ತಿರುತ್ತಾರೆ, ಸುಲಭಕ್ಕೆ ಗೀರು ಬೀಳುವುದಿಲ್ಲ. ಕುರಿಮರಿಯ ಚರ್ಮ ಬೆಣ್ಣೆ, ಆದರೆ ಉಗುರು ತಾಗಿದರೆ ಸಾಕು. ಉಷ್ಟ್ರಪಕ್ಷಿಯದಾದರೆ ಗರಿ ಕಿತ್ತ ಜಾಗದ ಗುಳ್ಳೆಗಳೇ ಅದರ ಅಂದ. ಇವೆಲ್ಲದರ ನಡುವೆ ನನಗೆ ಸಮಾಧಾನ ಕೊಟ್ಟ ಸಂಗತಿ ಇನ್ನೊಂದು. ಕಣ್ಣು ಕುಕ್ಕುವ ಬೆಲೆಯ ಕೆಲವು ಹೆಸರಾಂತ ಬ್ಯಾಗುಗಳು ಬರೀ ಕ್ಯಾನ್ವಾಸ್ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಳಿದವಂತೆ. ಇದನ್ನು ಕೇಳಿದರೆ ಗಂಗತ್ತೆ ಎಷ್ಟು ನಗುತ್ತಾರೋ ಅಂದುಕೊಂಡೆ. ಮರುಕ್ಷಣವೇ ಗಂಗತ್ತೆಯ ಬ್ಯಾಗು ನೆನಪಾಗಿ ನನ್ನ ನಗು ನಿಂತಿತು.

ಗಂಗತ್ತೆ ನನ್ನ ಅಪ್ಪನ ಅಕ್ಕ. ಗುಬ್ಬಿಯಲ್ಲಿ ಪ್ರೈಮರಿ ಶಾಲೆಯ ಹೆಡ್‌ಮಿಸ್ ಆಗಿ ರಿಟೈರ್ ಆದವರು, ಈಗ ಅಲ್ಲೇ ನನ್ನ ಚಿಕ್ಕಪ್ಪನ ಸಂಸಾರದ ಜೊತೆ ಇದ್ದಾರೆ. ಅವರ ಬ್ಯಾಗು ಯಾವಾಗಲೂ ಇರುತ್ತಿದ್ದದ್ದು ದೇವರ ಮನೆಯ ಗೂಡಿನಲ್ಲಿ. ವಿಭೂತಿ ಗಟ್ಟಿ, ರುದ್ರಾಕ್ಷಿ ಸರ, ಮಠದ ಪ್ರಸಾದದ ಪೊಟ್ಟಣ ಎಲ್ಲ ಅದರಲ್ಲೇ. ಆದ್ದರಿಂದ ಒಂದು ಕಟ್ಟುನಿಟ್ಟು: ಚರ್ಮದ್ದು ಆಗಬಾರದು. ದೇವರ ಮನೆಯ ಹೊಸ್ತಿಲು ದಾಟುವ ಗಂಡಸರ ಬೆಲ್ಟು, ಪರ್ಸುಗಳನ್ನೂ ಬಿಚ್ಚಿಸಿ ಹೊರಗಿಡಿಸುತ್ತಿದ್ದರು. "ಸತ್ತ ದನ ಸೊಂಟಕ್ಕೆ ಕಟ್ಕೊಂಡು ಕೈ ಮುಗೀತೀಯೇನೋ?" ಅಂತ ನಮ್ಮಪ್ಪನಿಗೇ ಬೈದದ್ದು ಕೇಳಿದ್ದೇನೆ.

ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದಾಗ ಮೊದಲ ಸಂಬಳದಲ್ಲಿ ಅತ್ತೆಗೆ ಬ್ಯಾಗು ಕೊಂಡವಳು ನಾನು. ಬೆಂಗಳೂರಿನ ಒಂದು ಅಂಗಡಿ. ಕಾಫಿ ಬಣ್ಣ, ಸಣ್ಣ ಹಿತ್ತಾಳೆ ಕೊಂಡಿ, ಮುಟ್ಟಿದರೆ ಬೆರಳು ವಾಪಸ್ ಬರಲು ಒಪ್ಪದಷ್ಟು ಮೆತ್ತಗೆ. ಇದು ಯಾವುದರದ್ದು ಅಂತ ಅಂಗಡಿಯವನನ್ನು ಕೇಳಿದೆನೆ? ಇಲ್ಲಿಗೆ ಬಂದರೆ ನನ್ನ ನೆನಪು ತೊದಲುತ್ತದೆ. ಕೆಲವು ವರ್ಷ, ಕೇಳಿದ್ದೆ, ಅವನೇ ಸುಳ್ಳು ಹೇಳಿದ ಅಂತ ನೆನಪಿತ್ತು. ಆಮೇಲೆ, ಕೇಳಲು ಮರೆತೆ ಅಂತ ನೆನಪಾಯಿತು. ನೆನಪನ್ನು ನಂಬದವಳು ಅಂತಲೇ ನಾನು ಡೈರಿ ಬರೆಯುವುದು. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಅತ್ತೆಗೆ ಬ್ಯಾಗ್ ತಗೊಂಡೆ. ಕಾಫಿ ಬಣ್ಣ. ಕೊಡಲು ಮನಸ್ಸೇ ಬರುತ್ತಿಲ್ಲ." ಅತ್ತೆ ಕೇಳಿದಾಗ ಮಾತ್ರ ತಡವರಿಸದೆ "ರೆಕ್ಸಿನ್ನೇ" ಅಂದಿದ್ದೆ. ಬ್ಯಾಗು ಗೂಡಿಗೆ ಹೋಯಿತು.

ಸುಮಾರು ಹತ್ತು ವರ್ಷದ ಮೇಲೆ ಅದರ ಹಿಡಿ ಕಿತ್ತುಬಂತು. ತುಮಕೂರಿನ ರಿಪೇರಿ ಅಂಗಡಿಗಳಲ್ಲಿ ಒಬ್ಬ ಗಮ್ ಹಾಕ್ತೀನಿ ಅಂದ, ಇನ್ನೊಬ್ಬ ಮಿಷನ್ ಸೂಜಿ ಇಳಿಯಲ್ಲ ಅಂದ. ಕುಣಿಗಲ್ಲಿನ ಕುದುರೆ ಫಾರಂ ಕಡೆಯವರಿಗೆ ಜೀನು, ಲಗಾಮು ಹೊಲಿದುಕೊಡುತ್ತಿದ್ದ ಸಾಬ್ರು ಒಬ್ಬರು ಕೊತ್ತಗೆರೆಯಲ್ಲಿದ್ದಾರೆ ಅಂತ ಯಾರೋ ಹೇಳಿದರು. ಹುಡುಕಿಕೊಂಡು ಹೋದೆ.

ಸಾಬ್ರು ಮನೆ ಮುಂದಿನ ಚಪ್ಪರದಲ್ಲಿ ಕೂತಿದ್ದರು. ಬ್ಯಾಗನ್ನು ಕೈಗೆ ತೆಗೆದುಕೊಂಡವರು ಹಿಡಿಯ ಕಡೆ ನೋಡಲೇ ಇಲ್ಲ. ಹೆಬ್ಬೆಟ್ಟಿನಿಂದ ಒತ್ತಿದರು. ಒತ್ತಿದ ಜಾಗದ ಸುತ್ತ, ನಗುವ ಕಣ್ಣಿನ ಸುತ್ತ ಮೂಡುವಂಥ ಸಣ್ಣ ಸುಕ್ಕುಗಳು ಮೂಡಿದವು.

"ಎಳೇ ಕರು ಚರ್ಮ. ಒಳ್ಳೆ ಮಾಲು," ಅಂದರು.

"ರೆಕ್ಸಿನ್ ಅಲ್ವಾ?"

"ರೆಕ್ಸಿನ್ಗೆಲ್ಲಿ ಸುಕ್ಕು ಬೀಳ್ತದೆ ತಾಯಿ? ಅದೇನ್ ಬದುಕಿತ್ತಾ ಸುಕ್ಕು ಬೀಳಕ್ಕೆ?"

ನಾನು ಅವರಿಗೆ ಗೂಡು, ವಿಭೂತಿ, ಅತ್ತೆ ಎಲ್ಲ ಹೇಳಿದೆ. "ಅವರೇನಾದ್ರೂ ಕೇಳಿದ್ರೆ ದಯವಿಟ್ಟು ಹೇಳಬೇಡಿ" ಅಂತಲೂ ಅಂದೆ.

"ನಂಗ್ಯಾಕೆ ಬುಡಿ. ನಾನು ಹೊಲಿಯೋನು, ಸಾಕ್ಷಿ ಹೇಳೋನಲ್ಲ," ಅಂದರು.

ಒಂದು ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ತೂರಿಸಿ ಹೊಲಿದರು. ಒಂದು ಎಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದಂತೆ. ಕೊನೆಗೆ, ನಾನು ಬೇಡ ಅನ್ನುವಷ್ಟರಲ್ಲಿ, ಕೈಯ ಅಭ್ಯಾಸಕ್ಕೆ ಬಿದ್ದು ಜೀನಿಗೆ ಹಚ್ಚುವ ಎಣ್ಣೆಯನ್ನು ಬ್ಯಾಗಿಗೂ ತಿಕ್ಕಿಬಿಟ್ಟರು. ಕಾಫಿ ಬಣ್ಣ ಒಂದು ಸುತ್ತು ಗಾಢವಾಯಿತು.

ಗುಬ್ಬಿಯಲ್ಲಿ ಅತ್ತೆ ಬ್ಯಾಗನ್ನು ಮೂಸಿ ನೋಡಿದರು.

"ಎಣ್ಣೆ ಹಚ್ಚವ್ರೆ."

"ಹೂಂ ಅತ್ತೆ."

"ರೆಕ್ಸಿನ್ ಎಣ್ಣೆ ಕುಡಿಯುತ್ತೇನೇ?"

"ಇದು ಹೊಸ ಥರದ್ದು," ಅಂದೆ. ಎಂ.ಎ. ಓದಿದವಳ ಉತ್ತರ. ಅತ್ತೆ ಬ್ಯಾಗು ಎತ್ತಿಕೊಂಡು ಒಳಗೆ ಹೋದರು.

ಅಲ್ಲಿಂದ ಇಲ್ಲಿಯವರೆಗೆ ನನ್ನ ಕಣ್ಣ ಮುಂದೆ ಒಂದೇ ಚಿತ್ರ: ದೇವರ ಮನೆಯ ಗೂಡಿನಲ್ಲಿ ಕರುವಿನ ಚರ್ಮ, ಅದರೊಳಗೆ ವಿಭೂತಿ. ನನಗೆ ದೇವರಲ್ಲಿ ಅಂಥ ನಂಬಿಕೆಯಿಲ್ಲ. ಆದರೆ ನಂಬಿದವರನ್ನು ಅವರ ಮನೆಯಲ್ಲೇ, ಅವರ ಕೈಯಿಂದಲೇ ಕೆಡಿಸಿದೆ ಅನ್ನುವುದಕ್ಕೆ ದೇವರು ಬೇಕಿಲ್ಲವಲ್ಲ. ಕ್ಯಾತ್ಸಂದ್ರದ ಮಠಕ್ಕೆ ಅತ್ತೆಯನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೆ. ನಾನು ಮಠದೊಳಗೂ, ಅತ್ತೆಯ ದೇವರ ಮನೆಯೊಳಗೂ ಹೋಗುವವಳಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ಅತ್ತೆ "ಹಿಡ್ಕೋ" ಅಂತ ಬ್ಯಾಗನ್ನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಮೊದಲಿನಿಂದಲೂ ಹಾಗೇ ಅಂತ ನನ್ನ ನೆನಪು. ಆ ಹೊತ್ತಷ್ಟೇ ನನಗೆ ನಿರಾಳ. ಒಳಗೆ ಹೋಗಲಿಲ್ಲವಲ್ಲ ಸದ್ಯ ಅಂತ. ಹೇಳಿಬಿಡಬೇಕು ಅಂತ ಪ್ರತಿಸಲ ಅಂದುಕೊಳ್ಳುತ್ತಿದ್ದೆ. ಅತ್ತೆ ಪ್ರಸಾದ ಹಿಡಿದು ಹೊರಗೆ ಬರುತ್ತಿದ್ದರು, ನಾನು ಬಸ್ಸಿನ ವಿಷಯ ಮಾತಾಡುತ್ತಿದ್ದೆ.

ಮೊನ್ನೆ ಭಾನುವಾರ ಮಗಳ ಜೊತೆ ಗುಬ್ಬಿಗೆ ಹೋದೆ. ಅವಳ ಹೆಗಲಲ್ಲಿ ಹೊಸ ಬ್ಯಾಗು. ಅತ್ತೆಗೆ ಈಗ ಮಂಡಿ ಸಹಕರಿಸುವುದಿಲ್ಲ, ಆದರೆ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ.

"ಕೊಡೇ ಇಲ್ಲಿ ನೋಡಣ," ಅಂತ ಇಸಕೊಂಡರು. ಹೆಬ್ಬೆಟ್ಟಿನಿಂದ ಒತ್ತಿ, ಬ್ಯಾಗನ್ನು ಬೆಳಕಿಗೆ ಓರೆ ಮಾಡಿದರು. "ರೆಕ್ಸಿನ್."

"ವೀಗನ್ ಲೆದರ್ ಅಜ್ಜಿ!"

"ಹೆಸರಿಟ್ಟೋನು ಜಾಣ ಬಿಡು."

ಮಗಳು ನಗುತ್ತ ಒಳಗೆ ಹೋದಳು. ನಾನು ಆ ಹೆಬ್ಬೆಟ್ಟನ್ನೇ ನೋಡುತ್ತಿದ್ದೆ.

"ಹೀಗೆ ಒತ್ತಿ ನೋಡೋದು ಯಾರು ಹೇಳ್ಕೊಟ್ಟಿದ್ದು ಅತ್ತೆ?"

"ನಿನ್ನ ಸಾಬ್ರು. ಆ ವರ್ಷ ಕುಣಿಗಲ್ಲಿಗೆ ಮದುವೆಗೆ ಹೋಗಿದ್ನಲ್ಲ, ಹಂಗೇ ನೀನು ಹೇಳಿದ್ದ ಗುರುತು ಹಿಡ್ಕೊಂಡು ಕೊತ್ತಗೆರೆಗೆ ಆಟೋ ಮಾಡಿಸ್ಕೊಂಡು ಹೋದೆ. ಏನ್ರೀ ಇದು ಅಂತ ಕೇಳಿದ್ರೆ ಬಾಯೇ ಬಿಡ್ಲಿಲ್ಲ ಪುಣ್ಯಾತ್ಮ. 'ನೀವೇ ಹೆಬ್ಬೆಟ್ಟಲ್ಲಿ ಒತ್ತಿ ನೋಡ್ಕಳಿ ಅಮ್ಮಾವ್ರೇ' ಅಂದ."

"ಮತ್ತೆ ಗೂಡಲ್ಲಿ..."

"ಯಾವ ಗೂಡು? ನೀನು ಎಣ್ಣೆ ಹಚ್ಚಿಸ್ಕೊಂಡು ಬಂದ ದಿನಾನೇ ತೆಗೆದಿದ್ದೀನಿ. ವಿಭೂತಿ ಬಟ್ಟೆ ಚೀಲಕ್ಕೆ ಹಾಕ್ಕೊಂಡೆ. ಮಠದಲ್ಲಿ ನಿನ್ನ ಕೈಗೆ ಕೊಡೋಕೆ ಶುರು ಮಾಡಿದ್ದೂ ಆವಾಗ್ಲೇ. ಅದಕ್ ಮುಂಚೆ ಒಳಕ್ಕೇ ತಗೊಂಡು ಹೋಗ್ತಿದ್ನಲ್ಲೇ."

ಅಷ್ಟು ವರ್ಷ ನಾನು ಮನಸ್ಸಿನಲ್ಲೇ ಕಂಡ ಗೂಡಿನಲ್ಲಿ ಬ್ಯಾಗೇ ಇರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಹೇಳ್ತೀಯೇನೋ ಅಂತ ನೋಡ್ದೆ." ಸಿಟ್ಟಿಲ್ಲದೆ, ಹಾಜರಿ ಕೂಗಿದಷ್ಟು ಸಲೀಸಾಗಿ ಹೇಳಿದರು.

ಅವರ ಮಂಚದ ಪಕ್ಕದ ಮೊಳೆಯಲ್ಲಿ ಕಾಫಿ ಬಣ್ಣದ ಬ್ಯಾಗು ತೂಗುತ್ತಿತ್ತು. ಚರ್ಮ ಎಲ್ಲೂ ಬಿರಿದಿರಲಿಲ್ಲ. ತೆಗೆದು ಮೂಸಿದೆ, ಹರಳೆಣ್ಣೆ.

"ತಿಂಗಳಿಗೊಂದ್ಸಲ ಹಚ್ತೀನಿ," ಅಂದರು. "ಹಂಗ್ ನೋಡ್ಬೇಡ. ಎಸಿಯೋಕೆ ಮನಸ್ಸಾಗ್ಲಿಲ್ಲ. ಚೆನ್ನಾಗಿತ್ತು ಕಣೇ, ಮೆತ್ತಗೆ. ನಿಂಗೂ ಅಂಗಡೀಲಿ ಹಂಗೇ ಅನ್ಸಿರಬೇಕು."

"ಅಂಗಡೀಲೇ ಗೊತ್ತಿತ್ತು ಅತ್ತೆ. ವಾಸನೇಲೇ ಗೊತ್ತಾಗಿತ್ತು. ಕೇಳಿದ್ರೆ ಬಿಟ್ಟು ಬರಬೇಕಾಗುತ್ತೆ ಅಂತ ಕೇಳ್ಲಿಲ್ಲ."

"ಹೂಂ," ಅಂದರು ಅತ್ತೆ. ಆಮೇಲೆ ಒಳಗೆ ಕೂಗಿದರು: "ಲೇ ಪುಟ್ಟೀ, ನಿನ್ನ ಬ್ಯಾಗ್ ನೆಲದ ಮೇಲೆ ಇಡಬೇಡ. ದೇವರ ಮನೆ ಗೂಡು ಖಾಲಿ ಐತೆ, ಅಲ್ಲಿಡು. ಅದು ನಡೆಯುತ್ತೆ."

ಮನೆಗೆ ಬಂದು ಹಳೆಯ ಡೈರಿಗಳನ್ನು ಹುಡುಕಿ ಆ ಪುಟ ತೆಗೆದೆ. "ಕೊಡಲು ಮನಸ್ಸೇ ಬರುತ್ತಿಲ್ಲ" ಎಂಬ ಸಾಲಿನ ಕೆಳಗೆ ಅರ್ಧ ಪುಟ ಖಾಲಿಯಿತ್ತು. "ಕರುವಿನ ಚರ್ಮ. ಗೊತ್ತಿತ್ತು," ಅಂತ ಸೇರಿಸಿದೆ. ಕೆಂಪು ಇಂಕಿನಲ್ಲಿ ಬರೆದು, ಪಕ್ಕದಲ್ಲಿ ಮೊನ್ನೆಯ ತಾರೀಖನ್ನೂ ಹಾಕಿದೆ. ಬ್ಯಾಗು ಕೊಂಡ ದಿನವೇ ಬರೆದಿದ್ದೆ ಅಂತ ಮುಂದೊಂದು ದಿನ ನಾನೇ ನಂಬಿಬಿಡಬಾರದಲ್ಲ.