ಕೂಸು ಎರೆಯುವ ಭೀಮವ್ವ

ಮರಾಠಿ ನಾಡಿನ ಯೆರವಡಾದಲ್ಲಿ ನೆಲೆಸಿದ ಕನ್ನಡದವರ ಮನೆಯಲ್ಲಿ ಕೂಸು ಹುಟ್ಟಿತೆಂದರೆ ಮೊದಲು ಹೆಸರು ಹುಡುಕುವುದಿಲ್ಲ, ಭೀಮವ್ವನನ್ನು ಹುಡುಕುತ್ತಾರೆ. ಕಾಲು ಚಾಚಿ ಕೂತು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದರಲ್ಲಿ ಅವಳದು ಎತ್ತಿದ ಕೈ. ಆಮೇಲೆ ಕೂಸು ಹಾಲು ಕುಡಿದದ್ದೇ ತಡ, ಹಳೆಯ ಧೋತರದ ಪಟ್ಟಿಯಿಂದ ಹೊಟ್ಟೆ ಬಿಗಿದು ತೊಟ್ಟಿಲಿಗೆ ಹಾಕಿಬಿಡುವಳು. ಸಡಿಲ ಬಿಟ್ಟರೆ ಹೊಟ್ಟೆ ಜೋತು ಬೀಳುತ್ತದೆ ಎಂಬುದು ಅವಳ ಶಾಸ್ತ್ರ. ಆಚೆ ಖರಾಡಿಯ ಎತ್ತರದ ಕಟ್ಟಡಗಳ ಹನ್ನೆರಡನೇ ಮಹಡಿಯಿಂದಲೂ ಕರೆ ಬರುತ್ತಿತ್ತು. ಲಿಫ್ಟಿನಲ್ಲಿ ಮಾತ್ರ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆಯುತ್ತಿದ್ದಳು.

ಇಂಥವಳ ಮನೆಯಲ್ಲೇ ಮೊಮ್ಮಗಳು ಮಂಜರಿ ಕುಡಿದ ಹಾಲನ್ನೆಲ್ಲ ಕಕ್ಕತೊಡಗಿದಳು.

"ಕಕ್ಕೂ ಕೂಸು ಬೆಳಿತದ, ಚಿಂತಿ ಮಾಡಬ್ಯಾಡ," ಎಂದು ಸೊಸೆ ರೇಣುಗೆ ಹೇಳಿದಳು.

ಪೂರ್ತಿ ಸುಳ್ಳೂ ಅಲ್ಲ. ನಗುನಗುತ್ತ ಕಕ್ಕಿ ಮೈ ತುಂಬಿಕೊಳ್ಳುವ ಕೂಸುಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಆದರೆ ಮಂಜರಿ ನಗುತ್ತಿರಲಿಲ್ಲ. ನಾಲ್ಕು ಗುಟುಕಿಗೇ ಬೆನ್ನು ಹಿಂದಕ್ಕೆ ಸೆಟೆದು ಅಳುತ್ತಿದ್ದಳು, ಹಾಲು ಒಲ್ಲೆನೆಂದು ಮುಖ ತಿರುವುತ್ತಿದ್ದಳು. ಭೀಮವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದಳು.

ಒಂದು ದಿನ ಕೂಸಿನ ಕೈಯ ಕರಿಬಳೆ ತಾನಾಗಿಯೇ ಜಾರಿ ಬಿತ್ತು. ಮೈ ತುಂಬಿ ಬಳೆ ಬಿಗಿಯಾಗಬೇಕಾದ ವಯಸ್ಸು ಅದು. ಭೀಮವ್ವ ಬಳೆ ಎತ್ತಿ ಸೆರಗಿಗೆ ಕಟ್ಟಿಕೊಂಡಳು. "ನಡಿ ದವಾಖಾನಿಗೆ," ಎಂದು ಅವಳೇ ಎದ್ದಳು.

ಮಕ್ಕಳ ಡಾಕ್ಟರಮ್ಮ ತೂಕ ನೋಡಿ ತಲೆ ಅಲ್ಲಾಡಿಸಿದರು. ಹೊಟ್ಟೆಯ ಹುಳಿ ಗಂಟಲಿಗೆ ಏರಿ ಸುಡುತ್ತಿರಬೇಕು ಎಂದು ಮರಾಠಿಯಲ್ಲಿ ಹೇಳಿ, ಈ ಪಟ್ಟಿ ಕಟ್ಟಿದವರು ಯಾರು ಎಂದು ಕೇಳಿದರು. ರೇಣು ಅತ್ತೆಯ ಕಡೆ ನೋಡದೆ, ನಾನೇ ಎಂದಳು. ಭೀಮವ್ವ ತಟ್ಟನೆ ಮುಂದೆ ಬಂದಳು.

"ಆಕಿ ಅಲ್ರೀ, ಕಟ್ಟಾಕಿ ನಾನು!" ಎಂದು ಮರಾಠಿ ಮರೆತು ಕನ್ನಡದಲ್ಲೇ ಅಂದು, ಎದೆ ಮುಟ್ಟಿ ತೋರಿಸಿದಳು.

ಡಾಕ್ಟರಮ್ಮ ಬೈಯಲಿಲ್ಲ. ತುಂಬಿದ ಹೊಟ್ಟೆಯನ್ನು ಅದುಮಿದರೆ ಹಾಲು ಮೇಲಕ್ಕೇ ಬರುತ್ತದಲ್ಲವೇ ಅಜ್ಜಿ ಎಂದರು. ಪಟ್ಟಿ ಬೇಡ, ಸ್ವಲ್ಪ ಸ್ವಲ್ಪವೇ ಕುಡಿಸಿ, ತೇಗು ಬರಿಸಿ, ಅರ್ಧ ತಾಸು ನೆಟ್ಟಗೆ ಎತ್ತಿಕೊಂಡಿರಿ, ಮಲಗಿಸುವಾಗ ಬೆನ್ನಮೇಲೆಯೇ ಮಲಗಿಸಿ. ಔಷಧಿ ಈಗಲೇ ಬೇಡ, ವಾರ ಬಿಟ್ಟು ತೂಕ ನೋಡೋಣ. ವಾಂತಿ ಹಸಿರಾದರೆ, ರಕ್ತ ಕಂಡರೆ ಮಾತ್ರ ತಡಮಾಡದೆ ಬನ್ನಿ.

ಮನೆಗೆ ಬಂದ ಭೀಮವ್ವ ಕೂಸನ್ನು ಮುಟ್ಟಲಿಲ್ಲ. ಮೂಲೆಯಲ್ಲಿ ಕೂತು, ನಾಲ್ಕು ಮನೆಗಾಗುವಷ್ಟು ಬೆಳ್ಳುಳ್ಳಿ ಸುಲಿದಳು. ಊರ ಕೂಸುಗಳನ್ನೆಲ್ಲ ಆಡಿಸಿದ ಕೈ ಸ್ವಂತ ಮೊಮ್ಮಗಳಿಗೆ ಮುಳುವಾಯಿತೇ ಎಂದು ಒಳಗೊಳಗೇ ಬೇಯುತ್ತಿದ್ದಳು. ಹಾಲು ಕುಡಿಸಿದ ರೇಣು ಎದುರಿಗೆ ಬಂದು ನಿಂತಳು.

"ಅತ್ತಿ, ನನ್ನ ಕೈಯಾಗ ತೇಗ ಬರವಲ್ದು. ನೀವ ಹಿಡೀರಿ."

"ನನ್ನ ಕೈಗೆ ಕೊಡಬ್ಯಾಡ ರೇಣು. ಕೆಟ್ಟ ಕೈ ಇದು."

"ಕೈ ಕೆಟ್ಟಿಲ್ಲರೀ, ಪಟ್ಟಿ ಕೆಟ್ಟಿತ್ತು. ಪಟ್ಟಿ ಕಸದಾಗ ಒಗದ ಬಂದೀನಿ. ಕೈ ಒಗಿಯಾಕ ಬರ್ತದೇನು?"

ಹೀಗಂದು ಕೂಸನ್ನು ಅತ್ತೆಯ ಹೆಗಲಿಗೆ ಹಾಕಿಯೇಬಿಟ್ಟಳು. ಭೀಮವ್ವ ಬೆಳ್ಳುಳ್ಳಿ ನಾತದ ಕೈಯಿಂದ ಹೆದರಿ ಹೆದರಿ ಬೆನ್ನು ತಟ್ಟಿದಳು. ಆ ಪುಟ್ಟ ಹೊಟ್ಟೆಯಿಂದ ದೊಡ್ಡ ಗೌಡರು ಉಂಡೆದ್ದಂಥ ತೇಗು ಬಂತು. ರೇಣು ನಕ್ಕಳು, ಭೀಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಾರ ಬಿಟ್ಟು ನೋಡಿದಾಗ ಮಂಜರಿಯ ತೂಕ ಏರಿತ್ತು. ಕಕ್ಕುವುದು ಪೂರಾ ನಿಂತಿರಲಿಲ್ಲ, ಆದರೆ ಅಳುವುದು ಕಡಿಮೆಯಾಗಿತ್ತು. ಅಂದು ಸಂಜೆ ಮಗ ಅಮರ ಹಡಪಸರದ ಕೆಲಸ ಮುಗಿಸಿ ಬಂದವನೇ ಮಗಳಿಗೆ ಕೈ ಚಾಚಿದ.

"ಹಾಲು ಇನ್ನೂ ಇಳದಿಲ್ಲ, ತಡಿ," ಎಂದು ಕೂಸನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದ ಭೀಮವ್ವ ಗದರಿದಳು.

ಹಾಲು ಇಳಿದು ಕೂಸು ನಿದ್ದೆ ಹೋಗಿ ಬಹಳ ಹೊತ್ತಾಗಿತ್ತು. ರೇಣುಗೆ ಗೊತ್ತಿತ್ತು, ಆದರೂ ಗಂಡನನ್ನೇ ಕೈಕಾಲು ತೊಳೆಯಲು ಕಳಿಸಿದಳು.