ಅಕ್ಕ ಕೊಳ್ಳದ ಯುಪಿಎಸ್

ಅಕ್ಕ, ಆ ಯುಪಿಎಸ್ ಚೆನ್ನಾಗಿಯೇ ಇತ್ತು. ನಾನು ನಿನಗೆ ಸುಳ್ಳು ಹೇಳಿದೆ.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು ನೋಡು. ಕರೆಂಟ್ ಹೋದರೂ ಕಂಪ್ಯೂಟರ್ ಆರದಂತೆ ಸ್ವಲ್ಪ ಹೊತ್ತು ಹಿಡಿದಿಡುವ, ಹೊಟ್ಟೆಯಲ್ಲಿ ಬ್ಯಾಟರಿ ಇಟ್ಟುಕೊಂಡ ಒಂದು ಕಪ್ಪು ಪೆಟ್ಟಿಗೆ. ಅರ್ಧ ಬೆಲೆಗೆ ಸಿಗುತ್ತಿತ್ತು. ಕೊಳ್ಳಬಹುದೋ ಇಲ್ಲವೋ ನೋಡಿಕೊಂಡು ಬಾ ಎಂದು ನೀನು ನನ್ನನ್ನು ಕಳಿಸಿದೆ. ನಾನು ಹೋಗಿ ನೋಡಿದ್ದು ಒಂದು, ಬಂದು ಹೇಳಿದ್ದು ಇನ್ನೊಂದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಹಿಸಿಕೋ. ಮೊದಲಿನಿಂದ ಬಾರದಿದ್ದರೆ ಎಲ್ಲಿ ಜಾರಿದೆ ಎಂಬುದು ನನಗೇ ಸಿಗುವುದಿಲ್ಲ. ಯಡಿಯೂರಿನ ಅಪ್ಪನ ಮನೆ — ಕೆಳಗೆ ನಾನು, ನನ್ನ ಗಂಡ, ಪುಟ್ಟ ಮೇಘಾ. ಮಹಡಿಯ ಕೋಣೆಯಲ್ಲಿ ಮದುವೆಯೇ ಬೇಡವೆಂದ ನೀನು. ಜಯನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನೀನು ಮೇಡಂ. ಸುತ್ತಲಿನ ಬಡಾವಣೆಗಳ ಅರ್ಧ ಗುಮಾಸ್ತರು ನಿನ್ನ ಕೈಯಲ್ಲಿ ಪಳಗಿದವರು. ನನಗೂ ನೀನೇ ಕಲಿಸಿದೆ. ತಂಗಿ ಎಂಬ ರಿಯಾಯಿತಿ ಇರಲಿಲ್ಲ. ಕೀಲಿ ನೋಡಿಕೊಂಡು ಹೊಡೆದರೆ ಬೆರಳಿನ ಗೆಣ್ಣಿಗೆ ಸ್ಕೇಲು ಬೀಳುತ್ತಿತ್ತು. ನನಗೆ ಬ್ಯಾಂಕಿನ ಕೆಲಸ ಸಿಕ್ಕಿದ್ದು ಆ ಏಟುಗಳ ಪುಣ್ಯದಿಂದಲೇ.

ಆಮೇಲೆ ಊರೆಲ್ಲ ಕಂಪ್ಯೂಟರ್ ಎನ್ನತೊಡಗಿತು. ಇನ್‌ಸ್ಟಿಟ್ಯೂಟಿಗೆ ಬೀಗ ಬಿತ್ತು. ನೀನು ಒಂದು ದಿನವೂ ಗೊಣಗಲಿಲ್ಲ. ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟ ಕಂಪ್ಯೂಟರ್ ತಂದು ಮಹಡಿಯಲ್ಲಿ ಇಟ್ಟುಕೊಂಡೆ, ತಲೆ ನರೆಯುವ ವಯಸ್ಸಿನಲ್ಲಿ ಅದರ ಮುಂದೆ ಒಬ್ಬಳೇ ಕೂತು ಕಲಿತೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕಾಲೇಜಿನವರ ಥೀಸಿಸ್ಸು ಎಲ್ಲ ನಮ್ಮ ಮೆಟ್ಟಿಲು ಹತ್ತಿ ಬರತೊಡಗಿದವು. ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಯಾವತ್ತಾದರೂ ಹೇಳಿದ್ದೇನೆಯೇ? ಇಲ್ಲ. ಹೆಮ್ಮೆಯ ಜೊತೆಗೆ ಇನ್ನೊಂದು ಇತ್ತು — ಹೊಟ್ಟೆಕಿಚ್ಚು. ಆ ಮಿಷನ್ನಿನ ಮೇಲೆ.

ಯಾಕೆಂದರೆ ಅದು ಬರುವ ಮೊದಲು ಸಂಜೆಗಳು ನಮ್ಮಿಬ್ಬರವು. ನನ್ನ ಗಂಡನದು ಫ್ಯಾಕ್ಟರಿಯ ಸೆಕೆಂಡ್ ಶಿಫ್ಟು. ನಾನು ಬ್ಯಾಂಕಿನಿಂದ, ನೀನು ಕ್ಲಾಸಿನಿಂದ ಬಂದು ಮುಂದಿನ ಮೆಟ್ಟಿಲ ಮೇಲೆ ಕೂತರೆ ಕುಕ್ಕರ್ ಕೂಗಿ ಕೂಗಿ ಸುಸ್ತಾಗಬೇಕು, ಅಷ್ಟು ಮಾತು. ಕಂಪ್ಯೂಟರ್ ಬಂದ ಮೇಲೆ ನೀನು ಸಂಜೆಯೂ ಮಹಡಿಯಲ್ಲಿ. ಕೆಳಗೆ ನನಗೆ ಕೇಳಿಸುತ್ತಿದ್ದುದು ಟಕಟಕ ಸದ್ದು ಮಾತ್ರ. ಕರೆಂಟ್ ಹೋದರೆ ಮಾತ್ರ ನೀನು ಇಳಿದು ಬರುತ್ತಿದ್ದೆ. ಗೇಟಿನ ತನಕ ಹೋಗಿ, ಕತ್ತು ಚಾಚಿ ಬೀದಿಯ ಎರಡೂ ಕಡೆ ನೋಡಿ, ಪ್ರತಿ ಸಲವೂ ಅದೇ ಪ್ರಶ್ನೆ — "ಎಲ್ಲರ ಮನೇದೂ ಹೋಗಿದ್ಯಾ, ನಮ್ದೊಂದೇನಾ?" ಎಲ್ಲರ ಮನೆಯದೂ ಹೋಗಿದ್ದರೆ ನಿನಗೆ ಏನೋ ಸಮಾಧಾನ. ಆಮೇಲೆ ನನ್ನ ಪಕ್ಕ ಕೂರುತ್ತಿದ್ದೆ. ಮತ್ತೆ ಕರೆಂಟ್ ಬಂದಾಗ ಬೀದಿಯ ಮಕ್ಕಳೆಲ್ಲ ಹೋ ಎಂದು ಕೂಗುತ್ತಿದ್ದರು, ನೀನು ಅರ್ಧ ಮಾತು ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದೆ. ಇಡೀ ಬೀದಿಯಲ್ಲಿ ಕರೆಂಟ್ ಬಂತೆಂದು ಮುಖ ಊದಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ ಇರಬೇಕು.

ನಿನಗೆ ಯುಪಿಎಸ್ ಬೇರೆಯವರಿಗಿಂತ ಹೆಚ್ಚು ಬೇಕಾಗಿತ್ತು, ಅದೂ ನನಗೆ ಗೊತ್ತಿತ್ತು. ನೀನು ಟೈಪ್‌ರೈಟರಿನವಳು. ನಡುನಡುವೆ ಸೇವ್ ಮಾಡು ಎಂದರೆ ನಗುತ್ತಿದ್ದೆ. "ಹಾಳೆ ತುಂಬೋಕ್ ಮುಂಚೆ ಯಾರಾದ್ರೂ ರೋಲರಿಂದ ಎಳೀತಾರೇನೇ?" ಇನ್‌ಸ್ಟಿಟ್ಯೂಟಿನಲ್ಲಿ ನೀನು ಎಲ್ಲರಿಗೂ ಕಲಿಸಿದ ಮೊದಲ ಪಾಠವೇ ಅದು, ಕೆಲಸ ಮುಗಿಯುವ ಮುನ್ನ ಹಾಳೆ ಮುಟ್ಟಬಾರದು. ಒಂದು ಅಧ್ಯಾಯ ಶುರುಮಾಡಿದರೆ ಕೊನೆಯ ಚುಕ್ಕಿ ಇಟ್ಟ ಮೇಲೇ ನಿನ್ನ ಸೇವ್. ಹೊಡೆದ ಅಕ್ಷರ ಹೊಡೆದಲ್ಲೇ ಇರುತ್ತದೆ ಎಂದು ನಿನ್ನ ಬೆರಳು ನಂಬಿತ್ತು.

ಅದೇ ಹೊತ್ತಿಗೆ ನಿನ್ನ ಹಳೆಯ ಶಿಷ್ಯನೊಬ್ಬ, ಬನಶಂಕರಿಯಲ್ಲಿ ಪ್ರೆಸ್ ಇಟ್ಟವನು, ಒಂದು ಪುಸ್ತಕದ ಹಸ್ತಪ್ರತಿ ತಂದುಕೊಟ್ಟ. ಬೇಗೂರಿನ ದೇವಸ್ಥಾನ, ಕೆರೆ, ಶಾಸನಗಳ ಬಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಬರೆದದ್ದು. ಇದು ಚೆನ್ನಾಗಿ ಬಂದರೆ ಇನ್ನು ಪ್ರೆಸ್ಸಿನ ಪುಸ್ತಕಗಳೆಲ್ಲ ಮೇಡಂಗೇ ಎಂದ. ನೀನು ಆ ದಿನ ಕೇಸರಿಬಾತು ಮಾಡಿದ್ದೆ. ಲಗ್ನಪತ್ರಿಕೆ ಹೊಡೆಯುವವಳು ಪುಸ್ತಕ ಮಾಡುವವಳಾಗುತ್ತೇನೆ ಎಂದು ನಿನ್ನ ಮುಖ ಅರಳಿತ್ತು. ಆಗಲೇ ನಿನ್ನ ಕಣ್ಣಿಗೆ ಬಿತ್ತು, ನನ್ನ ಬ್ಯಾಂಕಿನ ಹತ್ತಿರದ ಕಂಪ್ಯೂಟರ್ ಅಂಗಡಿಯ ಬೋರ್ಡು. ಅವರು ಜಾಗ ಖಾಲಿ ಮಾಡಿ ಜೆ.ಪಿ. ನಗರಕ್ಕೆ ಹೋಗುವವರಿದ್ದರು. ಸಾಮಾನೆಲ್ಲ ಅರ್ಧ ಬೆಲೆ. ಪೂರ್ತಿ ಬೆಲೆಯದು ನಮ್ಮ ಕೈಗೆ ನಿಲುಕುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಹೋದೆ. ಅಂಗಡಿಯವನು ಮಾತು ಬೆಳೆಸಲಿಲ್ಲ. ಯುಪಿಎಸ್ಸಿಗೆ ಒಂದು ಕಂಪ್ಯೂಟರ್ ಸಿಕ್ಕಿಸಿ, ಗೋಡೆಯ ಪ್ಲಗ್ಗನ್ನು ನನ್ನ ಕಣ್ಣೆದುರೇ ಕಿತ್ತ. ಪೆಟ್ಟಿಗೆ ಬೀಪ್ ಎಂದಿತು. ಪರದೆ ಆರಲಿಲ್ಲ. "ಶೋಕೇಸಲ್ಲಿ ಇಟ್ಟಿದ್ದು ಮೇಡಂ, ಅದಕ್ಕೇ ಕಮ್ಮಿ. ಬ್ಯಾಟ್ರಿ ಹೊಸದು ಹಾಕ್ಕೊಡ್ತೀನಿ. ವರ್ಷದೊಳಗೆ ಏನಾದ್ರೂ ಆದ್ರೆ ತಂದ್ಬಿಡಿ, ಇಲ್ಲೇ ಜೆ.ಪಿ. ನಗರದಲ್ಲೇ ಇರ್ತೀವಿ." ಇದಕ್ಕಿಂತ ಇನ್ನೇನು ಬೇಕಿತ್ತು? ನಾಳೆ ಅಕ್ಕನನ್ನು ಕರೆದುಕೊಂಡು ಬರುತ್ತೇನೆ, ಎತ್ತಿಡಿ ಎಂದೆ. ಹೇಳಿದ್ದು ಮನಸ್ಸಿಟ್ಟೇ. ಬಸ್ಸಿನಲ್ಲಿ ಕೂತಾಗಲೂ ನಿನಗೆ ನಿಜ ಹೇಳುವವಳೇ ಇದ್ದೆ.

ಮನೆಯ ತಿರುವಿಗೆ ಬಂದಾಗ ಬೀದಿಗೆ ಬೀದಿಯೇ ಕತ್ತಲು. ನೀನು ಮೆಟ್ಟಿಲ ಮೇಲೆ ಕೂತಿದ್ದೆ, ಪಕ್ಕದಲ್ಲಿ ನನಗೆ ಜಾಗ ಬಿಟ್ಟುಕೊಂಡು. ಮಡಿಲಲ್ಲಿ ಮೇಘಾ. ಉಪ್ಪು-ಖಾರ ಹಚ್ಚಿದ ಸೌತೆಕಾಯಿಯ ತಟ್ಟೆ. "ಬಂದ್ಯಾ, ಕೂತ್ಕೊ ಬಾ, ಎಲ್ಲರ ಮನೇದೂ ಹೋಗಿದೆ" ಎಂದೆ. ನಾನು ಚಪ್ಪಲಿ ಬಿಟ್ಟು ಕೂತೆ. ಸೌತೆಕಾಯಿ ತಿಂದೆ. ಇದೊಂದೂ ಇನ್ನು ಇರುವುದಿಲ್ಲ ಎನ್ನಿಸಿತು — ಆ ಪೆಟ್ಟಿಗೆ ಬಂದರೆ ಕತ್ತಲಲ್ಲೂ ನೀನು ಮಹಡಿಯಲ್ಲೇ — ನನಗೆ ಇದೂ —

"ಹೇಗಿದ್ಯೇ ಅದು?" ಎಂದು ಕೇಳಿದೆ ನೀನು.

"ಬೇಡ ಅಕ್ಕ," ಎಂದೆ. "ಹಳೇ ಸ್ಟಾಕು. ಬ್ಯಾಟ್ರಿ ಸತ್ತೋಗಿದೆ. ಅರ್ಧ ರೇಟಿಗೆ ಸುಮ್ನೆ ಕೊಡ್ತಾನಾ?"

ನೀನು ಎರಡನೆಯ ಪ್ರಶ್ನೆ ಕೇಳಲಿಲ್ಲ. "ಹೌದಾ, ಸದ್ಯ ನೀನು ನೋಡ್ಕೊಂಡು ಬಂದ್ಯಲ್ಲ" ಎಂದು ಸೌತೆಕಾಯಿಯ ತಟ್ಟೆಯನ್ನು ನನ್ನ ಕಡೆ ಸರಿಸಿದೆ. ಒಂದೇ ಒಂದು ಸಲ ಯಾಕೆ, ಏನು ಎಂದು ಕೆದಕಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಇಲ್ಲ — ಇದೂ ನಿನ್ನ ಮೇಲೆ ತಪ್ಪು ಹೊರಿಸುವ ಮಾತಾಯಿತು. ಬಿಡು.

ಶಾಸನಗಳ ಅಧ್ಯಾಯ ಇಡೀ ದಿನದ ಕೆಲಸವಾಗಿತ್ತು. ಅಂದು ನನಗೆ ರಜೆ. ಮಧ್ಯಾಹ್ನ ಕಾಫಿಯ ಹೊತ್ತಿಗೆ ಫ್ಯಾನು ನಿಂತಿತು. ನೀನು ಇಳಿದು ಬರುತ್ತೀಯೆಂದು ಎರಡು ಲೋಟ ತೊಳೆದಿಟ್ಟೆ. ನೀನು ಬರಲಿಲ್ಲ. ಎಲ್ಲರ ಮನೆಯದೂ ಹೋಗಿದೆಯೇ ಎಂಬ ಪ್ರಶ್ನೆಯೂ ಬರಲಿಲ್ಲ. ಮೇಲೆ ಹೋಗಿ ನೋಡಿದರೆ, ನೀನು ಆರಿದ ಪರದೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಕೈ ಇನ್ನೂ ಕೀಲಿಗಳ ಮೇಲೇ ಇತ್ತು. "ಎಲ್ಲಾ ಹೋಯ್ತು ಕಣೇ" ಎಂದೆ.

ನೀನು ಅದನ್ನು ಮತ್ತೆ ಹೊಡೆದೆ. ಮತ್ತೆ ಹೋಯಿತು. ಆಮೇಲೆ ಸೇವ್ ಮಾಡುವುದನ್ನು ಕಲಿತೆಯಾದರೂ, ಅಷ್ಟು ಹೊತ್ತಿಗೆ ನಿನ್ನೊಳಗೆ ಭಯ ಹೊಕ್ಕಿತ್ತು. ಫ್ಯಾನು ತುಸು ನಿಧಾನವಾದರೂ ಬೆಚ್ಚುತ್ತಿದ್ದೆ. ಜೀವಮಾನದಲ್ಲಿ ತಪ್ಪು ಹೊಡೆಯದವಳು ಸಾಲಿಗೊಂದು ತಪ್ಪು ಮಾಡತೊಡಗಿದೆ. ನಾನು ಜೆ.ಪಿ. ನಗರಕ್ಕೆ ಹೋಗಿ ಆ ಅಂಗಡಿಯನ್ನು ಹುಡುಕಬಹುದಿತ್ತು. ಒಂದು ಬಸ್ಸಿನ ದಾರಿ. ಹೋಗಲಿಲ್ಲ, ಹೋದರೆ ಸುಳ್ಳು ಒಪ್ಪಿಕೊಳ್ಳಬೇಕಿತ್ತು. ಹೇಳಿದ ದಿನಕ್ಕೆ ಪುಸ್ತಕ ಆಗಲಿಲ್ಲ. ಶಿಷ್ಯ ಬಂದು ತಲೆ ತಗ್ಗಿಸಿ ನಿಂತ, ನೀನೇ ಅವನನ್ನು ಸಮಾಧಾನ ಮಾಡಿ ಕಾಗದಗಳನ್ನು ವಾಪಸ್ ಕೊಟ್ಟೆ. "ನನ್ ಕೈಲಾಗಲ್ಲಪ್ಪ. ಇವು ಟೈಪ್‌ರೈಟರ್ ಕೈಗಳು."

ಆಮೇಲೆ ಕಂಪ್ಯೂಟರಿನ ಮೇಲೆ ಹಳೆಯ ಸೀರೆಯ ತುಂಡು ಬಿತ್ತು. ನೀನು ಸಂಜೆಯ ಹೊತ್ತು ಮತ್ತೆ ಮೆಟ್ಟಿಲಿಗೆ ಬಂದೆ, ಕರೆಂಟ್ ಇದ್ದರೂ ಬಂದೆ. ನಾನು ಬಯಸಿದ್ದು ಸಿಕ್ಕಿತ್ತು. ಅಕ್ಕ, ಇದನ್ನು ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ — ನನಗೆ ಆಗ ಸಂತೋಷವಾಗಿತ್ತು. ನಿನ್ನ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತ, ನೀನು ಸೋತದ್ದರ ಲಾಭ ತಿನ್ನುತ್ತಿದ್ದೆ. ನೀನು ಬೇರೆ ಆಗಾಗ ನನ್ನ ಉಪಕಾರ ನೆನೆಯುತ್ತಿದ್ದೆ. "ಆ ಡಬ್ಬಾ ತಗೊಳ್ದೇ ಇದ್ದಿದ್ದು ಒಳ್ಳೇದಾಯ್ತು ನೋಡು. ನನಗೆ ಕಂಪ್ಯೂಟರೇ ಒಗ್ಗಲಿಲ್ಲ, ಅದೂ ದಂಡ ಆಗ್ತಿತ್ತು." ನಾನು ಹೂಂ ಎನ್ನುತ್ತಿದ್ದೆ. ಎಷ್ಟು ಸಲ ಹೂಂ ಎಂದಿದ್ದೇನೋ.

ಮೊನ್ನೆ ಮೇಘಾ ಲ್ಯಾಪ್‌ಟಾಪ್ ತಂದಳಲ್ಲ, ನಿನಗೇ ಎಂದು. "ದೊಡ್ಡಮ್ಮ, ನಿನ್ನ ಅಮ್ಮನ ಹಾಡುಗಳನ್ನೆಲ್ಲ ಇದರಲ್ಲಿ ಹೊಡೆದಿಡು, ನಿನ್ನ ಬಿಟ್ರೆ ಯಾರಿಗೂ ಬರಲ್ಲ" ಎಂದಳು. ನೀನು ಮುಟ್ಟಲಿಲ್ಲ. ಅವಳು ಗೋಡೆಯ ಪ್ಲಗ್ ಕಿತ್ತು ತೋರಿಸಿದಳು, ಥೇಟ್ ಆ ಅಂಗಡಿಯವನ ಹಾಗೆಯೇ. ಪರದೆ ಆರಲಿಲ್ಲ. ನೀನು ಬಗ್ಗಿ ನೋಡಿದೆ, ತುಂಬ ಹೊತ್ತು ನೋಡಿದೆ. "ಆಗ ಇಂಥದ್ದಿದ್ದಿದ್ರೆ..." ಎಂದವಳು ತಕ್ಷಣ ಕೈ ಹಿಂದೆ ಎಳೆದುಕೊಂಡೆ. "ಏನಿದ್ರೆ ಏನು ಬಂತು ಬಿಡೇ. ನನ್ ಕೈಯೇ ಸರಿ ಇರ್ಲಿಲ್ಲ."

ಆದರೆ ಮೇಜಿನ ಅಂಚಿನ ಮೇಲೆ ನಿನ್ನ ಬೆರಳುಗಳು ಸುಮ್ಮನಿರಲಿಲ್ಲ. ನೀನೇ ಕಲಿಸಿದ್ದು, ನನಗೆ ಓದಲು ಬರುತ್ತದೆ. ಅಮ್ಮನ ಹಸೆಹಾಡಿನ ಮೊದಲ ಸಾಲನ್ನು ಮರದ ಮೇಲೆ ಹೊಡೆಯುತ್ತಿದ್ದೆ. ಒಂದೂ ತಪ್ಪಿರಲಿಲ್ಲ.

ಇಷ್ಟು ವರ್ಷ ನಾನು ನಿನ್ನ ಸಂಜೆಗಳನ್ನು ಮಾತ್ರ ಕದ್ದೆ ಎಂದುಕೊಂಡಿದ್ದೆ. ಕದ್ದದ್ದು ಈ ಕೈಗಳ ಮೇಲೆ ನಿನಗಿದ್ದ ನಂಬಿಕೆಯನ್ನು.

ಈಗ ಮೇಲೆ ಬರುತ್ತೇನೆ. ಇಲ್ಲಿ ಹೇಳಿದ್ದನ್ನೆಲ್ಲ ನಿನ್ನ ಮುಖ ನೋಡಿ ಹೇಳುತ್ತೇನೆ. ನೀನು ಬೈಯಬಹುದು, ನೀನು ಬೈಯದಿದ್ದರೆ ನನಗೆ ಇನ್ನೂ ಕಷ್ಟ. ಇನ್ನು ಮೇಲೆ ಮೆಟ್ಟಿಲ ಮೇಲೆ ನನಗೆ ಜಾಗ ಬಿಡದಿದ್ದರೆ ನಾನು ಕೇಳುವುದಿಲ್ಲ, ನಿಂತೇ ಇರುತ್ತೇನೆ. ಆದರೆ ಆ ಲ್ಯಾಪ್‌ಟಾಪನ್ನು ಬೇಡವೆನ್ನುವ ಮುಂಚೆ ಇದೊಂದನ್ನು ಕೇಳಿಸಿಕೋ. ಪೆಟ್ಟಿಗೆ ಸರಿಯಿತ್ತು, ಬ್ಯಾಟರಿ ಹೊಸದಿತ್ತು. ನಿನ್ನ ಕೈಯೂ ಸರಿಯಾಗಿಯೇ ಇತ್ತು, ಅಕ್ಕ.